ಶಾಖ ತಡೆಯೋಕೆ ಯಾವುದು: ರಂಧ್ರದ ಅಲ್ಯುಮಿನಾನೋ, ಗಟ್ಟಿ ಜಿರ್ಕೋನಿಯಾನೋ?

ಕುಲುಮೆಯ ಒಳಮೈಗೆ ಶಾಖ ತಡೆಯುವ ಬಿಲ್ಲೆ ಬೇಕಿತ್ತು. ಎರಡು ದಾರಿ ಇದ್ದವು. ಅಲ್ಯುಮಿನಾದ (ಅಲ್ಯುಮಿನಿಯಂ ಆಕ್ಸೈಡ್) ತುಂಬ ರಂಧ್ರ ಮಾಡುವುದು ಒಂದು. ಇಟ್ರಿಯಾ (ಇಟ್ರಿಯಂ ಆಕ್ಸೈಡ್) ಬೆರೆಸಿದ ಜಿರ್ಕೋನಿಯಾ (ಜಿರ್ಕೋನಿಯಂ ಆಕ್ಸೈಡ್) ಬಳಸುವುದು ಇನ್ನೊಂದು. ಎರಡನ್ನೂ 2 ಮಿಲಿಮೀಟರ್ ದಪ್ಪಕ್ಕೆ ಮಾಡಿಕೊಂಡು ಲೇಸರ್ ಫ್ಲ್ಯಾಶ್ ಯಂತ್ರದಲ್ಲಿ ಅಳೆದೆ. ಹೋಲಿಕೆಗೆ ರಂಧ್ರವಿಲ್ಲದ ಅಲ್ಯುಮಿನಾವನ್ನೂ ಇಟ್ಟುಕೊಂಡೆ.

ಬಿಲ್ಲೆಯ ಒಂದು ಮುಖಕ್ಕೆ ಲೇಸರ್ ಮಿಂಚು ಬೀಳುತ್ತದೆ. ಹಿಂದಿನ ಮುಖ ಎಷ್ಟು ಬೇಗ ಬಿಸಿಯಾಗುತ್ತದೆ ಅಂತ ಯಂತ್ರ ನೋಡುತ್ತದೆ. ಏರಬೇಕಾದ ಬಿಸಿಯಲ್ಲಿ ಅರ್ಧ ಏರಲು ಗಟ್ಟಿ ಅಲ್ಯುಮಿನಾಕ್ಕೆ ಸುಮಾರು 0.06 ಸೆಕೆಂಡ್ ಸಾಕು. ಜಿರ್ಕೋನಿಯಾಕ್ಕೆ ಹತ್ತಿರ ಹತ್ತಿರ 0.7 ಸೆಕೆಂಡ್ ಬೇಕು! ಪರದೆಯ ಮೇಲೆ ಗೆರೆ ಅಷ್ಟು ನಿಧಾನಕ್ಕೆ ಏರೋದನ್ನ ನೋಡೋದೇ ಒಂದು ಖುಷಿ. ಕಾರಣ ಅದರ ಹರಳಿನೊಳಗೇ ಇದೆ. ಎರಡು ಇಟ್ರಿಯಂ ಸೇರಿದ ಕಡೆಯೆಲ್ಲ ಒಂದು ಆಮ್ಲಜನಕದ ಜಾಗ ಖಾಲಿ ಉಳಿಯುತ್ತದೆ. ಶಾಖ ಹೊರುವ ಫೋನಾನ್‌ಗಳು, ಅಂದರೆ ಹರಳಿನ ಕಂಪನದ ಅಲೆಗಳು, ಅಲ್ಲಿ ಚದುರಿಹೋಗುತ್ತವೆ.

ರಂಧ್ರದ ಬಿಲ್ಲೆಗೆ ಪುಡಿಯ ಜೊತೆ ಪಿಷ್ಟ ಬೆರೆಸಿ ಸುಟ್ಟೆ. ಪಿಷ್ಟ ಉರಿದುಹೋದ ಜಾಗವೇ ರಂಧ್ರ. ಅರ್ಧಕ್ಕರ್ಧ ಖಾಲಿ. ಮೇಲೆ ನೀರಿನ ಹನಿ ಇಟ್ಟರೆ ಥಟ್ಟನೆ ಹೀರಿಬಿಡುತ್ತದೆ. ಆದರೆ ಯಂತ್ರದಲ್ಲಿ ಇದರ ಸಮಯ 0.09 ಸೆಕೆಂಡಿನ ಆಸುಪಾಸು. ಇಷ್ಟೇನಾ ಅನ್ನಿಸುತ್ತೆ, ಅಲ್ವಾ? ಅವಸರ ಬೇಡ. ಯಂತ್ರ ಹೇಳುವುದು ಬಿಸಿ ಹರಡುವ ವೇಗ ಮಾತ್ರ. ಬಿಲ್ಲೆಯ ಸಾಂದ್ರತೆಯೂ ಅರ್ಧಕ್ಕೆ ಇಳಿದಿದೆ. ಆ ವೇಗವನ್ನು ಸಾಂದ್ರತೆಯಿಂದಲೂ ವಿಶಿಷ್ಟ ಉಷ್ಣದಿಂದಲೂ ಗುಣಿಸಿದರೆ ಶಾಖವಾಹಕತೆ ಸಿಗುತ್ತದೆ. ಗಟ್ಟಿ ಅಲ್ಯುಮಿನಾದ್ದು ಮೀಟರ್-ಕೆಲ್ವಿನ್‌ಗೆ 30 ವ್ಯಾಟ್ ಇದ್ದರೆ, ಇದು ಸುಮಾರು 10. ಜಿರ್ಕೋನಿಯಾ ಬರೀ 2ರಿಂದ 2.5.

ಇಲ್ಲಿಗೇ ನಿಲ್ಲಿಸಿದ್ದರೆ ಜಿರ್ಕೋನಿಯಾವೇ ಗೆದ್ದಂತೆ. ಆದರೆ ಕುಲುಮೆ ಕೋಣೆಯ ಬಿಸಿಯಲ್ಲಿ ಕೆಲಸ ಮಾಡೋದಿಲ್ಲ. 1000 ಡಿಗ್ರಿ ಸೆಲ್ಸಿಯಸ್‌ನಲ್ಲಿ ಗಟ್ಟಿ ಅಲ್ಯುಮಿನಾ 6-7ಕ್ಕೆ ಇಳಿಯುತ್ತದೆ, ಫೋನಾನ್‌ಗಳು ಒಂದಕ್ಕೊಂದು ಡಿಕ್ಕಿ ಹೊಡೆಯೋದು ಜಾಸ್ತಿಯಾಗಿ. ರಂಧ್ರದ್ದು 2ರ ಹತ್ತಿರ ಬರುತ್ತದೆ. ಜಿರ್ಕೋನಿಯಾ ಹೆಚ್ಚುಕಡಿಮೆ ಇದ್ದಲ್ಲೇ ಇರುತ್ತದೆ. ಅಂದರೆ ಎರಡೂ ಸರಿಸಮ! ತೂಕದಲ್ಲಂತೂ ರಂಧ್ರದ ಬಿಲ್ಲೆ ಜಿರ್ಕೋನಿಯಾದ ಮೂರನೇ ಒಂದು ಭಾಗ. ಹಾಗಾಗಿ ಕುಲುಮೆ ಬೇಗ ಕಾಯುತ್ತದೆ.

ಕಣದ ಗಾತ್ರ ಬದಲಿಸಿಯೂ ನೋಡಿದೆ. ಮೈಕ್ರಾನ್ ಮಟ್ಟದಲ್ಲಿ ಹೇಳಿಕೊಳ್ಳುವಂಥ ಲಾಭವಿಲ್ಲ.

ಭಾರ ಹೊರಬೇಕಾದ ಕಡೆ ರಂಧ್ರದ ಬಿಲ್ಲೆ ಬೇಡ, ಅಂಚು ಸುಮ್ನೆ ಉದುರುತ್ತದೆ. ತುಂಬಾ ಹೊತ್ತು ವಿಪರೀತ ಕಾಯಿಸಿದರೆ ರಂಧ್ರಗಳೂ ಮುಚ್ಚಿಕೊಳ್ಳುತ್ತವೆ. ಜಿರ್ಕೋನಿಯಾ ಕೊಳ್ಳುವಾಗ ಇಟ್ರಿಯಾ ಇದೆಯಾ ಅಂತ ಕೇಳಿ. ಇಲ್ಲದಿದ್ದರೆ 1170 ಡಿಗ್ರಿಯ ಸುಮಾರಿಗೆ ಹರಳಿನ ರೂಪ ಬದಲಾಗಿ ಬಿರುಕು ಬಿಡುತ್ತದೆ. ಭಾರವಿಲ್ಲದ ನನ್ನ ಕುಲುಮೆಗೆ ರಂಧ್ರದ ಅಲ್ಯುಮಿನಾ ಹಾಕಿದ್ದೇನೆ. ಜೆಟ್ ಎಂಜಿನ್ ಬ್ಲೇಡ್‌ಗಳಿಗೆ ಪ್ಲಾಸ್ಮಾದಲ್ಲಿ ಸಿಂಪಡಿಸುವ ಜಿರ್ಕೋನಿಯಾ ಪದರದಲ್ಲಿ ಎರಡು ಉಪಾಯವೂ ಒಟ್ಟಿಗಿವೆ, ವಾಹಕತೆ 1ರ ಆಸುಪಾಸು. ಮುಂದೆ ಪಿಷ್ಟ ಬೆರೆಸಬೇಕಿರೋದು ಜಿರ್ಕೋನಿಯಾ ಪುಡಿಗೆ.