ಮಹಡಿಯ ಮೇಲೆ ಆಧಾರ್ ಕೇಳುತ್ತಾರೆ: ಬಳ್ಳಾರಿಯ ಒಂದು ಬಾರ್ ಅಂಡ್ ರೆಸ್ಟೋರೆಂಟ್

ಕಳೆದ ತಿಂಗಳ ಒಂದು ಭಾನುವಾರ ಸಂಜೆ ನಾನು, ನನ್ನ ಹೆಂಡತಿ ಮತ್ತು ಅಕ್ಕನ ಮಗ ಬಳ್ಳಾರಿಯ ಒಂದು ಬಾರ್ ಅಂಡ್ ರೆಸ್ಟೋರೆಂಟಿಗೆ ಊಟಕ್ಕೆ ಹೋಗಿದ್ದೆವು. ಅದೇ ಕಟ್ಟಡದ ಕೆಳಗಿರುವ ವೈನ್ ಶಾಪಿನ ವಿಷಯವನ್ನೂ ಬರೆಯಬೇಕಾಗಿರುವುದರಿಂದ ಹೆಸರು ಬರೆಯುತ್ತಿಲ್ಲ. ಅಕ್ಕನ ಮಗನಿಗೆ ಹತ್ತೊಂಬತ್ತು ವರ್ಷ. ಡಿಪ್ಲೊಮಾ ಮುಗಿಸಿ ತೋರಣಗಲ್ಲಿನ ಕಾರ್ಖಾನೆಯೊಂದರಲ್ಲಿ ಅಪ್ರೆಂಟಿಸ್ ಆಗಿ ಸೇರಿದ್ದಾನೆ. ಮೊದಲ ತಿಂಗಳ ಸ್ಟೈಪೆಂಡ್ ಕೈಗೆ ಬಂದ ಸಂತೋಷಕ್ಕೆ ಅವನು ಊಟ ಕೊಡಿಸುತ್ತೇನೆಂದ, ನಾನು ಬಿಲ್ಲು ಕೊಡುತ್ತೇನೆಂದೆ, ಹಾಗೆ ಹೊರಟೆವು.

ಮೊದಲು ಊಟದ ಮಾತು. ಮಹಡಿಯ ಮೇಲಿನ ಫ್ಯಾಮಿಲಿ ಹಾಲ್ ಬಾರಿನಿಂದ ಗೋಡೆಯೊಂದರಷ್ಟು ದೂರದಲ್ಲಿದ್ದರೂ ಗದ್ದಲ ಇತ್ತ ಬರುವುದಿಲ್ಲ, ಏಸಿ ನಿಜವಾಗಿಯೂ ಕೆಲಸ ಮಾಡುತ್ತದೆ. ಬೇಸಿಗೆ ಮತ್ತು ಕಡುಬೇಸಿಗೆ ಎಂಬ ಎರಡೇ ಕಾಲವಿರುವ ಊರಿನಲ್ಲಿ ಇದು ಸಣ್ಣ ಸಂಗತಿಯಲ್ಲ. ಡ್ಯಾಮಿನ ಮೀನಿನ ಫ್ರೈ ಅದ್ಭುತವಾಗಿತ್ತು. ಮೇಲೆ ಹಚ್ಚಿದ ಖಾರ ನಾಲಿಗೆಗೆ ಹತ್ತುವ ಮೊದಲು ಬೆಳ್ಳುಳ್ಳಿಯ ವಾಸನೆ ಮೂಗಿಗೆ ಹತ್ತುತ್ತಿತ್ತು. ಖಡಕ್ ರೊಟ್ಟಿ ಮತ್ತು ಎಣ್ಣೆಗಾಯಿ ಚೆನ್ನಾಗಿದ್ದವು. ಬಿರಿಯಾನಿ ಮಾತ್ರ ಸಾಧಾರಣ, ಅನ್ನ ಒಂದು ಕಡೆ, ಮಸಾಲೆ ಒಂದು ಕಡೆ.

ಮೀನು ಬರುವ ಮೊದಲೇ ನಾನು ಒಂದು ಸ್ಟ್ರಾಂಗ್ ಬಿಯರ್ ಮತ್ತು ಎರಡು ಗ್ಲಾಸು ಹೇಳಿದ್ದೆ. ಐವತ್ತು ದಾಟಿದ ವೇಟರ್ ಎರಡು ಗ್ಲಾಸನ್ನೂ ತಂದಿಟ್ಟು, ಬಾಟಲಿಯ ಮುಚ್ಚಳ ತೆಗೆಯುವ ಮುನ್ನ ಹುಡುಗನ ಮುಖ ನೋಡಿ, “ತಮ್ಮಾ, ಆಧಾರ್ ಐತೇನು?” ಎಂದು ಕೇಳಿದರು. ಇವನು ದೊಡ್ಡವನಾದ ಗತ್ತಿನಲ್ಲಿ ಮೊಬೈಲಿನಲ್ಲಿ ತೆಗೆದು ತೋರಿಸಿದ. ಅವರು ಹುಟ್ಟಿದ ಇಸವಿಯನ್ನು ನೋಡಿ ಬೆರಳುಗಳ ಗೆಣ್ಣುಗಳ ಮೇಲೆ ಎಣಿಸಿ, ಅವನ ಮುಂದಿದ್ದ ಗ್ಲಾಸನ್ನು ಮಗುಚಿ ತಟ್ಟೆಯಲ್ಲಿ ವಾಪಸು ಇಟ್ಟುಕೊಂಡು, “ಇಪ್ಪತ್ತೊಂದು ತುಂಬಲಿ, ನಾನೇ ತಂದಿಡ್ತೀನಿ” ಎಂದರು. ನನಗೆ ಸಿಟ್ಟು ಬಂತು. ಹುಡುಗನ ಮಾವನಾದ ನಾನೇ ಎದುರಿಗೆ ಕೂತಿರುವಾಗ ಇವರದ್ದೇನು ತಕರಾರು ಎಂದು ಮ್ಯಾನೇಜರನ್ನು ಕರೆಸಿದೆ. ಅವರು ಗಲ್ಲಾದ ಹಿಂದೆ ತೂಗುಹಾಕಿದ್ದ ಫಲಕವನ್ನು ತೋರಿಸಿ, ಪರವಾನಗಿ ತಮ್ಮ ಹೆಸರಿನಲ್ಲಿದೆಯೇ ಹೊರತು ನನ್ನ ಹೆಸರಿನಲ್ಲಿಲ್ಲ ಎಂದು ನಗುತ್ತಲೇ ಹೇಳಿದರು. ಅವತ್ತೇ ರಾತ್ರಿ ಬರೆದಿದ್ದರೆ ಈ ವಿಮರ್ಶೆಯಲ್ಲಿ ಒಂದೇ ನಕ್ಷತ್ರ ಇರುತ್ತಿತ್ತು.

ನನ್ನ ಸಿಟ್ಟಿಗೆ ಆಧಾರವಾಗಿ ಒಂದು ವಾದವಿತ್ತು, ಅದನ್ನು ನಾನು ಹತ್ತಾರು ಮನೆಗಳಲ್ಲಿ ಹೇಳಿಯೂ ಇದ್ದೇನೆ. ಹುಡುಗರು ಹೇಗಿದ್ದರೂ ಕುಡಿಯುತ್ತಾರೆ. ಕಾಲುವೆಯ ದಂಡೆಯಲ್ಲಿ ಜಾಲಿಯ ಮರೆಯಲ್ಲಿ ಕೂತು ಕುಡಿಯುವುದಕ್ಕಿಂತ ನಮ್ಮ ಕಣ್ಣೆದುರು ಒಂದು ಗ್ಲಾಸು ಕುಡಿದು ಕಲಿಯಲಿ ಎಂಬುದು ಆ ವಾದ. ನಾನು ಲೆಕ್ಕ ಬರೆಯುವ ಜೀನ್ಸ್ ಘಟಕದಲ್ಲಿ ಶನಿವಾರದ ಬಟವಾಡೆ ಮುಗಿದ ಮೇಲೆ ಹದಿನೆಂಟು ಹತ್ತೊಂಬತ್ತರ ಹುಡುಗರು ಗುಂಪು ಕಟ್ಟಿಕೊಂಡು ಎತ್ತ ಹೋಗುತ್ತಾರೆಂಬುದನ್ನು ವರ್ಷಗಟ್ಟಲೆ ನೋಡಿದವನು ನಾನು. “ದುಡಿಯಾಕ ವಯಸ್ಸಾಗೇತಿ, ವೋಟ್ ಹಾಕಾಕ ಆಗೇತಿ, ಕುಡಿಯಾಕ ಆಗಿಲ್ಲೇನು?” ಎಂದು ಅವರು ಕೇಳಿದಾಗ ನನ್ನ ಬಳಿ ಉತ್ತರವಿರಲಿಲ್ಲ. ಕಾನೂನಿನ ಪುಸ್ತಕವೂ ಇಲ್ಲಿ ಸ್ವಲ್ಪ ತೊದಲುತ್ತದೆ. 1965ರ ಕರ್ನಾಟಕ ಅಬಕಾರಿ ಕಾಯ್ದೆಯಲ್ಲಿ ಹದಿನೆಂಟು ತುಂಬದವರಿಗೆ ಮಾರುವುದು ಅಪರಾಧವೆಂದಿದ್ದರೆ, ಪರವಾನಗಿಯ ಸಾಮಾನ್ಯ ಷರತ್ತುಗಳನ್ನು ಹೇಳುವ 1967ರ ನಿಯಮಗಳಲ್ಲಿ ಇಪ್ಪತ್ತೊಂದು ಎಂದಿದೆ. ನಿಯಮಗಳ ಇಪ್ಪತ್ತೊಂದನ್ನು ಹದಿನೆಂಟಕ್ಕೆ ಇಳಿಸಲು ಸರ್ಕಾರ 2023ರ ಜನವರಿಯಲ್ಲಿ ಕರಡು ಹೊರಡಿಸಿ, ವಿರೋಧ ಬಂದ ಮೇಲೆ ಹಿಂತೆಗೆದುಕೊಂಡಿತು. ಬಾರಿನವರು ನಡೆಯಬೇಕಾದದ್ದು ಪರವಾನಗಿಯ ಷರತ್ತಿನಂತೆ; ಆದ್ದರಿಂದ ಇಪ್ಪತ್ತೊಂದು. ದೆಹಲಿಯಲ್ಲಿ ಇಪ್ಪತ್ತೈದು, ಕೇರಳದಲ್ಲಿ ಇಪ್ಪತ್ತಮೂರು ಎಂಬುದನ್ನು ನಮ್ಮ ಹುಡುಗರಿಗೆ ಹೇಳಿದರೆ ಸ್ವಲ್ಪ ಸಮಾಧಾನವಾದೀತು.

ಗ್ಲಾಸು ಹೋದ ಮೇಲೆ ಮೇಜಿನ ಮೇಲೆ ಬಾಟಲಿ ಒಂದೇ ಉಳಿಯಿತು. ಲೆಕ್ಕದವನ ಚಾಳಿ, ಅದರ ಲೇಬಲ್ ಓದಿದೆ: 650 ಮಿ.ಲೀ., ಮದ್ಯಸಾರ ಶೇ. 8ಕ್ಕೆ ಮೀರದಂತೆ. ಎಂದರೆ ಒಂದು ಬಾಟಲಿಯಲ್ಲಿ ಹೆಚ್ಚೆಂದರೆ 52 ಮಿ.ಲೀ. ಶುದ್ಧ ಮದ್ಯಸಾರ. ನಮ್ಮಲ್ಲಿ ವಿಸ್ಕಿಯ ಬಾಟಲಿಗಳ ಮೇಲೆ ಶೇ. 42.8 ಎಂದಿರುತ್ತದೆ, ಆ ಲೆಕ್ಕಕ್ಕೆ 60 ಮಿ.ಲೀ.ನ ಒಂದು ಲಾರ್ಜ್ ಪೆಗ್‌ನಲ್ಲಿರುವುದು 25.7 ಮಿ.ಲೀ. ಹಾಗಾದರೆ ‘ಬಿಯರ್ ತಾನೇ’ ಎಂದು ನಾನು ಹುಡುಗನಿಗೆ ಸುರಿಯಲು ಹೊರಟಿದ್ದ ಅರ್ಧ ಬಾಟಲಿ ಎಂದರೆ ಒಂದು ಲಾರ್ಜ್ ವಿಸ್ಕಿ. ವಿಸ್ಕಿ ಕೊಡಿಸುತ್ತೇನೆಂದು ನಾನು ಅಕ್ಕನಿಗೆ ಫೋನ್ ಮಾಡಿ ಹೇಳುತ್ತಿದ್ದೆನೇ? ಖಂಡಿತ ಇಲ್ಲ. ಅವನು ಬಂದದ್ದು ಬೈಕಿನಲ್ಲಿ, ವಾಪಸು ಹೋಗಬೇಕಾಗಿದ್ದದ್ದು ಅದಿರಿನ ಲಾರಿಗಳು ಸಾಲುಗಟ್ಟುವ ಹೊಸಪೇಟೆ ರಸ್ತೆಯಲ್ಲಿ ಸುಮಾರು 30 ಕಿ.ಮೀ. ವಾಹನ ಓಡಿಸುವವರಿಗೆ ಕಾನೂನು ಹಾಕಿರುವ ಮಿತಿ 100 ಮಿ.ಲೀ. ರಕ್ತದಲ್ಲಿ 30 ಮಿ.ಗ್ರಾಂ. ಅರವತ್ತು ಕೆ.ಜಿ. ತೂಗದ ಹುಡುಗನೊಬ್ಬ ಅದನ್ನು ದಾಟಲು ಆ ಅರ್ಧ ಬಾಟಲಿ ಸಾಕು, ಮತ್ತು ದೇಹ ಅದನ್ನು ಕರಗಿಸಿಕೊಳ್ಳಲು ಎರಡು ಮೂರು ಗಂಟೆ ಬೇಕು. ಕಣ್ಣೆದುರು ಕುಡಿಸುತ್ತೇನೆಂದವನ ಕಣ್ಣು ಆ ರಸ್ತೆಯವರೆಗೆ ಹೋಗುತ್ತಿರಲಿಲ್ಲ.

ನನ್ನ ವಾದಕ್ಕೆ ಇನ್ನೊಂದು ಪೆಟ್ಟು ಬಿದ್ದದ್ದು ಮನೆಗೆ ಬಂದು, ವೇಟರನ್ನು ತಪ್ಪೆಂದು ಸಾಧಿಸುವ ಹಟದಿಂದ ಓದತೊಡಗಿದಾಗ. ಆಸ್ಟ್ರೇಲಿಯಾದಲ್ಲಿ ಸುಮಾರು 1,900 ಮಕ್ಕಳನ್ನು ಆರು ವರ್ಷ ಗಮನಿಸಿ 2018ರಲ್ಲಿ ಪ್ರಕಟಿಸಿದ ಒಂದು ಅಧ್ಯಯನದಲ್ಲಿ, ತಂದೆತಾಯಿಯೇ ಮದ್ಯ ಕೊಟ್ಟರೆ ಮಕ್ಕಳಿಗೆ ರಕ್ಷಣೆಯಾಗುತ್ತದೆ ಎಂಬುದಕ್ಕೆ ಯಾವ ಆಧಾರವೂ ಸಿಗಲಿಲ್ಲ; ಮನೆಯಲ್ಲಿ ಸಿಕ್ಕವರು ಮುಂದಿನ ವರ್ಷಗಳಲ್ಲಿ ಹೊರಗಿನಿಂದಲೂ ತರಿಸಿಕೊಳ್ಳುವ ಸಂಭವವೇ ಹೆಚ್ಚಿತ್ತು. ಎಂದರೆ ಜಾಲಿಯ ಮರೆ ತಪ್ಪಲಿಲ್ಲ, ಅದರ ಜೊತೆಗೆ ಮನೆಯೂ ಸೇರಿಕೊಂಡಿತು. ಇನ್ನೊಂದು ಸಂಗತಿ ನನ್ನನ್ನು ಹೆಚ್ಚು ಕಾಡಿತು. ನಮ್ಮಂಥ ನಡುವಯಸ್ಸಿನವರಿಗೆ ಎರಡನೆಯ ಪೆಗ್ಗಿಗೇ ತೂಕಡಿಕೆ ಬಂದು, ನಾಲಿಗೆ ದಪ್ಪವಾಗಿ, ದೇಹವೇ ಸಾಕು ಎನ್ನುತ್ತದೆ. ಹದಿಹರೆಯದಲ್ಲಿ ಈ ತೂಕಡಿಕೆ, ತಡವರಿಕೆ ಅಷ್ಟಾಗಿ ಕಾಣಿಸಿಕೊಳ್ಳುವುದಿಲ್ಲ ಎಂಬುದನ್ನು ಮುಖ್ಯವಾಗಿ ಇಲಿಗಳ ಮೇಲೆ ನಡೆದ ಪ್ರಯೋಗಗಳು ತೋರಿಸಿವೆ. ಆದರೆ ನೆನಪಿಗೆ ಬೀಳುವ ಹೊಡೆತ ಹೆಚ್ಚು. ಮುಂದಾಲೋಚನೆಗೆ, ಹಿಡಿತಕ್ಕೆ ಬೇಕಾದ ಮಿದುಳಿನ ಮುಂಭಾಗ ಪೂರ್ತಿ ಬಲಿಯುವುದೇ ಇಪ್ಪತ್ತೈದರ ಹೊತ್ತಿಗೆ. ‘ನಮ್ಮ ಹುಡುಗನಿಗೆ ಕುಡಿದರೂ ಏನೂ ಆಗುವುದಿಲ್ಲ’ ಎಂದು ಹೆಮ್ಮೆಪಡುವ ಚಿಕ್ಕಪ್ಪಂದಿರು ಎಲ್ಲ ಮದುವೆ ಮನೆಗಳಲ್ಲೂ ಇರುತ್ತಾರೆ, ನಾನೂ ಆ ಸಾಲಿನಲ್ಲಿ ಕೂತವನೇ.

ಹುಡುಗನ ಮಾತನ್ನು ಹೇಳಲೇಬೇಕು. ಗ್ಲಾಸು ಹೋದ ಮೇಲೆ ಅವನು ಒಂದು ಗೋಲಿ ಸೋಡಾ ತರಿಸಿಕೊಂಡು ನಿರಾಳವಾಗಿ ಮೀನು ತಿನ್ನುತ್ತಿದ್ದ. ಬೇಜಾರಾಯಿತೇ ಎಂದು ಕೇಳಿದೆ. “ಇಲ್ಲ ಮಾವ, ಹಾಸ್ಟೆಲ್‌ನಾಗ ಒಮ್ಮೆ ಕುಡಿದಿದ್ದೆ, ಕಹಿ. ನೀವು ಪ್ರೀತಿಲೆ ಹೇಳಿದ್ರಿ, ಬ್ಯಾಡ ಅಂದ್ರ ನಿಮಗ ಬ್ಯಾಸರ ಆಗ್ತದಂತ ಸುಮ್ನಿದ್ದೆ” ಎಂದ. ನನ್ನ ಹೆಂಡತಿ ಎಣ್ಣೆಗಾಯಿಯಿಂದ ತಲೆಯೆತ್ತಿ ನನ್ನನ್ನು ನೋಡಿದ ರೀತಿಯನ್ನು ಇಲ್ಲಿ ವಿವರಿಸಲಾರೆ.

ಇಷ್ಟಕ್ಕೇ ನಿಂತಿದ್ದರೆ ಐದಕ್ಕೆ ಐದು ನಕ್ಷತ್ರ ಕೊಟ್ಟುಬಿಡುತ್ತಿದ್ದೆ. ಮೆಟ್ಟಿಲಿಳಿದು ಬಂದರೆ ಅದೇ ಕಟ್ಟಡದ ಕೆಳಗಿನ ಮೂಲೆಯಲ್ಲಿ ಅದೇ ಮಾಲೀಕರ ವೈನ್ ಶಾಪ್ ಇದೆ. ಮೇಲಿನದು ಕೂತು ಕುಡಿಯುವ ಸಿಎಲ್-9, ಕೆಳಗಿನದು ಸೀಲ್ ಮಾಡಿದ್ದನ್ನು ಕೊಂಡೊಯ್ಯುವ ಸಿಎಲ್-2. ವಯಸ್ಸಿನ ಷರತ್ತು ಎರಡಕ್ಕೂ ಒಂದೇ. ಕಬ್ಬಿಣದ ಜಾಲರಿಯಲ್ಲಿ ಒಂದು ಕೈ ತೂರುವಷ್ಟೇ ಕಿಂಡಿ. ನಾವು ಬೈಕ್ ತೆಗೆಯುತ್ತಿದ್ದಾಗ ಹದಿನಾಲ್ಕೋ ಹದಿನೈದೋ ವಯಸ್ಸಿನ ಹುಡುಗನೊಬ್ಬ ಶಾಲೆಯ ಸಮವಸ್ತ್ರದ ಪ್ಯಾಂಟಿನ ಮೇಲೆ ಮಾಸಿದ ಟೀ ಶರ್ಟ್ ಹಾಕಿಕೊಂಡು ಬಂದು, ತುದಿಗಾಲಿನಲ್ಲಿ ನಿಂತು ಕಿಂಡಿಯೊಳಗೆ ನೋಟು ಹಿಡಿದ. ಒಳಗಿನಿಂದ 90 ಮಿ.ಲೀ.ನ ಎರಡು ಕಾಗದದ ಪೊಟ್ಟಣಗಳು ಮತ್ತು ಚಿಲ್ಲರೆ ಹೊರಬಂದವು. ಒಳಗಿದ್ದವನು ಕೈಯನ್ನು ನೋಡಿದನೇ ಹೊರತು ಮುಖವನ್ನು ನೋಡಲಿಲ್ಲ. ನಾನು ಕೇಳಿದ್ದಕ್ಕೆ “ಅವರಪ್ಪಗ ಅಂತ ಒಯ್ತಾನ್ರೀ, ದಿನಾ ಬರ್ತಾನ” ಎಂದ. ಇರಬಹುದು. ಆದರೆ ಹದಿನೆಂಟು ತುಂಬದ ಮಗುವಿನ ಕೈಗೆ ಮದ್ಯ ಕೊಟ್ಟವರಿಗೆ 2015ರ ಬಾಲನ್ಯಾಯ ಕಾಯ್ದೆಯ 77ನೇ ಕಲಂ ಏಳು ವರ್ಷದವರೆಗೆ ಕಠಿಣ ಸಜೆ ಮತ್ತು ಒಂದು ಲಕ್ಷ ರೂಪಾಯಿಯವರೆಗೆ ದಂಡ ಹೇಳುತ್ತದೆ, ಅದು ಅಪ್ಪನಿಗೆಂದು ಒಯ್ದರೆ ಬಿಡುತ್ತೇವೆಂದು ಬರೆದಿಲ್ಲ.

ಆ ಪೊಟ್ಟಣದ ಬಗ್ಗೆಯೂ ಒಂದು ಮಾತು. 2007ರ ಜುಲೈ 1ರಿಂದ ರಾಜ್ಯದಲ್ಲಿ ಸಾರಾಯಿ ನಿಂತಿತು, ಅದರ ಪ್ಲಾಸ್ಟಿಕ್ ಪಾಕೀಟುಗಳೂ ನಿಂತವು. ಈಗಿನ ಈ ಕಾಗದದ ಪೊಟ್ಟಣ ದೂರದಿಂದ ನೋಡಿದರೆ ಮಾವಿನ ಹಣ್ಣಿನ ಜ್ಯೂಸಿನ ಡಬ್ಬಿಯಂತೆಯೇ ಇದೆ. ಒಡೆಯುವುದಿಲ್ಲ, ಸದ್ದು ಮಾಡುವುದಿಲ್ಲ, ಶಾಲೆಯ ಚೀಲದಲ್ಲಿ ಪುಸ್ತಕಗಳ ನಡುವೆ ಕೂರುತ್ತದೆ. ಪಕ್ಕದ ರಾಯಚೂರು ಜಿಲ್ಲೆಯ ಹೆಣ್ಣುಮಕ್ಕಳು ಬೇರೆ ಜಿಲ್ಲೆಯವರೊಡನೆ ಸೇರಿ 2019ರ ಜನವರಿಯಲ್ಲಿ ಮದ್ಯ ನಿಷೇಧಕ್ಕಾಗಿ ಚಿತ್ರದುರ್ಗದಿಂದ ಬೆಂಗಳೂರಿನವರೆಗೆ ನಡೆದುಕೊಂಡು ಹೋಗಿದ್ದರು. ಸಂಪೂರ್ಣ ನಿಷೇಧದಲ್ಲಿ ನನಗೆ ನಂಬಿಕೆಯಿಲ್ಲ, ನಾನೇ ವಾರಕ್ಕೊಮ್ಮೆ ಕುಡಿಯುವವನು. ಆದರೆ ಆ ಕಿಂಡಿಯ ಮುಂದೆ ನಿಂತಾಗ ಅವರು ಯಾಕೆ ನಡೆದರೆಂಬುದು ಅರ್ಥವಾಗದೆ ಇರಲಿಲ್ಲ.

ಮತ್ತೆ ಮೇಲೆ ಹೋಗಿ ಮ್ಯಾನೇಜರಿಗೆ ಹೇಳಿದೆ. ಕೆಳಗಿನ ಲೆಕ್ಕ ಬೇರೆ, ಅಲ್ಲಿನ ಹುಡುಗರು ಬೇರೆ, ತಿಳಿಸುತ್ತೇನೆ ಎಂದರು. ಎರಡು ವಾರದ ನಂತರ ಆ ದಾರಿಯಲ್ಲಿ ಹೋದಾಗ ನೋಡಿದೆ: ಕಿಂಡಿ ಹಾಗೆಯೇ ಇತ್ತು, ‘21 ವರ್ಷದೊಳಗಿನವರಿಗೆ ಮದ್ಯ ಮಾರಾಟ ಮಾಡುವುದಿಲ್ಲ’ ಎಂಬ ಹೊಸ ಚೀಟಿ ಮಾತ್ರ ಅಂಟಿತ್ತು, ಅದೂ ಗಿರಾಕಿಗಳು ನಿಂತರೆ ಬೆನ್ನಿಗೆ ಬೀಳುವ ಗೋಡೆಯ ಮೇಲೆ.

ಹಾಗಾಗಿ ಅಂಕಗಳನ್ನು ಬೇರೆ ಬೇರೆಯಾಗಿಯೇ ಕೊಡುತ್ತೇನೆ. ಮಹಡಿಯ ರೆಸ್ಟೋರೆಂಟಿಗೆ ಐದರಲ್ಲಿ ನಾಲ್ಕೂವರೆ, ಕಳೆದ ಅರ್ಧ ಬಿರಿಯಾನಿಯ ಪಾಲು. ಕೆಳಗಿನ ಅಂಗಡಿಗೆ ಸೊನ್ನೆ. ಆ ವೇಟರಿಗೆ ನಾನು ಅವತ್ತು ಟಿಪ್ಸ್ ಕೊಡದೆ ಎದ್ದು ಬಂದಿದ್ದೆ, ಮುಂದಿನ ಸಲ ಎರಡೂ ಸೇರಿಸಿ ಕೊಡಬೇಕು. ಹೋಗುವವರು ಭಾನುವಾರ ಏಳರೊಳಗೆ ಹೋಗಿ, ಆಮೇಲೆ ಅರ್ಧ ಗಂಟೆ ಮೆಟ್ಟಿಲ ಮೇಲೆ ನಿಲ್ಲಬೇಕಾಗುತ್ತದೆ. ಡ್ಯಾಮಿನ ಮೀನು ಎಂಟಕ್ಕೆಲ್ಲ ಮುಗಿದಿರುತ್ತದೆ.