ಜೇನಿಗೆ ಒಗ್ಗುವ ಚಹಾ: ಮೂರು ಡಬ್ಬಿ, ಒಂದು ಬಾಟಲಿ

ಮೊದಲೇ ಹೇಳಿಬಿಡುತ್ತೇನೆ, ಜೇನು ಹಾಕಿ ಕುಡಿಯುವುದಾದರೆ ನನ್ನ ಮತ ಹಾಲಿಲ್ಲದ ಕಪ್ಪು ಚಹಾಕ್ಕೆ. ಸಕ್ಕರೆ ಬಿಡುವ ಹುಮ್ಮಸ್ಸಿನಲ್ಲಿ ಕಪ್ಪು ಚಹಾ, ಗ್ರೀನ್ ಟೀ, ಇವೆರಡರ ನಡುವಿನ ಬಗೆಯಾದ ಊಲಾಂಗ್ ಚಹಾ ಒಂದೊಂದು ಡಬ್ಬಿ ತಂದೆ, ಜೊತೆಗೆ ಒಂದು ಕಿಲೋ ಜೇನು. ಎಡವಿದ್ದು ಆ ಜೇನಿನ ಬಾಟಲಿಯಲ್ಲಿ.

ಚಳಿಗಾಲ. ತಂಪಿನಲ್ಲಿದ್ದರೆ ಕೆಡುವುದಿಲ್ಲವೆಂದು ಬಾಟಲಿಯನ್ನು ಕಿಟಕಿಯ ಪಕ್ಕ ಇಟ್ಟಿದ್ದೆ. ಕೆಲವೇ ವಾರಗಳಲ್ಲಿ ಜೇನು ಹರಳುಗಟ್ಟಿ, ಚಮಚ ಇಳಿಯದಷ್ಟು ಗಟ್ಟಿಯಾಯಿತು. ಸಕ್ಕರೆ ಪಾಕ ಬೆರೆಸಿದ್ದಾರೆಂದು ಮಾರಿದವರನ್ನು ಮನಸಾರೆ ಬೈದುಕೊಂಡೆ. ಆಮೇಲೆ ಓದಿ ನಾಚಿದೆ: ಜೇನಿನಲ್ಲಿರುವ ಗ್ಲೂಕೋಸ್ ತಾನಾಗಿಯೇ ಹರಳಾಗುತ್ತದೆ, ಅದೂ 14 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಬಲು ಬೇಗ. ಫ್ರಕ್ಟೋಸ್ ಎಂಬ ಇನ್ನೊಂದು ಬಗೆಯ ಸಕ್ಕರೆ ಹೆಚ್ಚಿರುವ ಜೇನಾದರೆ ಬಹುಕಾಲ ಹರಿಯುವಂತೆಯೇ ಇರುತ್ತದೆ. ಹರಳಾಗುವುದಕ್ಕೂ ಕಲಬೆರಕೆಗೂ ಸಂಬಂಧ ಕಲ್ಪಿಸಿದ್ದು ನನ್ನ ಅವಸರ.

ಈ ಹರಳೇ ಗ್ರೀನ್ ಟೀಯನ್ನು ಕೆಡಿಸಿತು. ಅದನ್ನು 70ರಿಂದ 80 ಡಿಗ್ರಿಯ ನೀರಿನಲ್ಲಿ ನೆನೆಸಬೇಕು, ಕುದಿಯುವ ನೀರು ಸುರಿದರೆ ಕಹಿ. ಎಲೆ ಸೋಸಿ ಲೋಟಕ್ಕೆ ಬರುವಷ್ಟರಲ್ಲಿ ಬಿಸಿ ಇನ್ನಷ್ಟು ಇಳಿದಿರುತ್ತದೆ. ಗಡ್ಡೆಗಟ್ಟಿದ ಜೇನು ತಳಕ್ಕೆ ಕೂತು ಕಲಕಿದರೂ ಅಲುಗುವುದಿಲ್ಲ. ಮೊದಲ ಗುಟುಕು ಸಪ್ಪೆ, ಕೊನೆಯದು ಪಾಕ! ಕರಗಲೆಂದು ಕಲಕುತ್ತಾ ಕೂತರೆ ಚಹಾ ತಣ್ಣಗಾಗುತ್ತದೆ. ಬಾಟಲಿಯನ್ನು ಸುಮಾರು 40 ಡಿಗ್ರಿಯ ಬಿಸಿನೀರಿನಲ್ಲಿ ಇಟ್ಟು ಕರಗಿಸಿಕೊಳ್ಳಬಹುದು, ಆದರೆ ಬೆಳಿಗ್ಗೆ ಕಣ್ಣು ಬಿಡದ ನನಗೆ ಅಷ್ಟು ತಾಳ್ಮೆಯೆಲ್ಲಿ?

ಕಪ್ಪು ಚಹಾಕ್ಕೆ ಇಂಥ ನಖರೆ ಇಲ್ಲ. ಕುದಿಯುವ ನೀರು, ಮೂರು-ನಾಲ್ಕು ನಿಮಿಷ, ಚಮಚ ಎರಡು ಸುತ್ತು ತಿರುಗಿದರೆ ಹರಳು ಮಾಯ. ಅದರ ಒಗರು ಜೇನಿನ ಸಿಹಿಗೆ ಸರಿಜೋಡಿ, ಒಂದನ್ನೊಂದು ನುಂಗುವುದಿಲ್ಲ. ಹಾಲು ಬೆರೆಸಿದರೆ ಮಾತ್ರ ಜೇನಿನ ಪರಿಮಳ ಅಲ್ಲೇ ಮುಳುಗಿಹೋಗುತ್ತದೆ.

ಊಲಾಂಗ್ ರುಚಿಯಲ್ಲಿ ಮೂರರಲ್ಲೂ ಮೇಲು. ಅದರ ಹೂವಿನಂಥ ಘಮಕ್ಕೆ ಜೇನು ಸುರಿಯುವುದು ಅನ್ಯಾಯ. ಡಬ್ಬಿಯ ಬೆಲೆ ನನ್ನ ಜೇಬಿಗೆ ಭಾರವೇ, ಆದರೂ ಅದೇ ಎಲೆಯನ್ನು ಮೂರು-ನಾಲ್ಕು ಸಲ ನೆನೆಸಬಹುದಾದ್ದರಿಂದ ರಜಾದಿನಗಳಿಗೆಂದು ಎತ್ತಿಟ್ಟಿದ್ದೇನೆ. ಅಂದಹಾಗೆ ಮೂರೂ ಒಂದೇ ಗಿಡದ ಎಲೆಗಳು, ಬೇರೆಯಾಗುವುದು ಕಿತ್ತ ಮೇಲಿನ ಸಂಸ್ಕರಣೆಯಲ್ಲಿ.

ಸಕ್ಕರೆ ಬಿಟ್ಟೆನೆಂಬ ಹೆಮ್ಮೆಯೂ ಪೊಳ್ಳೇ. ಸಣ್ಣ ಚಮಚದ ಸಕ್ಕರೆ ಸುಮಾರು 4 ಗ್ರಾಂ ತೂಗಿದರೆ ಜೇನು 7 ಗ್ರಾಂ, ಕ್ಯಾಲೊರಿಯೂ ಅದರಲ್ಲೇ ಹೆಚ್ಚು. ಜೇನು ಹೆಚ್ಚು ಸಿಹಿಯಾದ್ದರಿಂದ ಅರ್ಧ ಚಮಚ ಸಾಕು ಎನ್ನುತ್ತಾರೆ, ನನ್ನ ಕೈ ಅರ್ಧಕ್ಕೆ ನಿಂತದ್ದಿಲ್ಲ.

ಗ್ರೀನ್ ಟೀ ಈಗ ಮಧ್ಯಾಹ್ನಕ್ಕೆ, ಜೇನಿಲ್ಲದೆ. ಈ ಬಾಟಲಿ ಮುಗಿದ ಮೇಲೆ ಕಾಲು ಕಿಲೋದ್ದೇ ತರುತ್ತೇನೆ, ಕಿಟಕಿಯ ಪಕ್ಕವಂತೂ ಇಡುವುದಿಲ್ಲ.