ಹುಬ್ಬಳ್ಳಿಯ ಒಂದು ಪಿಸಿಓಎಸ್ ಅಧ್ಯಯನ: ಭಾಗವಹಿಸಿದವಳ ವಿಮರ್ಶೆ

ಹುಬ್ಬಳ್ಳಿಯ ಆಸ್ಪತ್ರೆಯೊಂದು ಪಿಸಿಓಎಸ್ (ಹೆಂಗಸರ ಹಾರ್ಮೋನು, ಅಂಡಾಶಯಗಳ ಏರುಪೇರಿನ ತೊಂದರೆ) ಕುರಿತ ತನ್ನ ಅಧ್ಯಯನಕ್ಕೆ ನಮ್ಮಂಥ ರೋಗಿಗಳನ್ನು ರಕ್ತ ಕೊಡುವುದಕ್ಕಷ್ಟೇ ಅಲ್ಲದೆ ಸಲಹೆ ಹೇಳುವುದಕ್ಕೂ ಕರೆದಿತ್ತು. ಧಾರವಾಡದಿಂದ ಚಿಗರಿ ಬಸ್ಸಿನಲ್ಲಿ ನಾಲ್ಕು ಸಲ ಹೋಗಿಬಂದ ಮೇಲೆ ಇದನ್ನು ಬರೆಯುತ್ತಿದ್ದೇನೆ.

ಮೊದಲ ದಿನ ಎಂಟು ಜನರಿದ್ದೆವು. ಪ್ರಶ್ನಾವಳಿಯ ಕರಡನ್ನು ನಮ್ಮ ಮುಂದಿಟ್ಟು, "ಎಲ್ಲಿ ಅಡಚಣಿ ಆಗ್ತದ, ಹೇಳ್ರಿ" ಎಂದರು. ಮುಖ-ಮೈಮೇಲಿನ ಕೂದಲನ್ನು ಅಳೆಯಲು ಫೆರಿಮನ್-ಗಾಲ್ವೆ ಎಂಬ ಚಿತ್ರಪಟ್ಟಿಯನ್ನು ಬಳಸುತ್ತಾರೆ. ಮೇಲ್ತುಟಿ, ಗದ್ದ, ಎದೆ, ಹೊಟ್ಟೆ ಮೊದಲಾದ 9 ಭಾಗಗಳಿಗೆ 0ಯಿಂದ 4ರವರೆಗೆ ಅಂಕ ಹಾಕುವುದು ಅದರ ಕ್ರಮ. ಗದಗಿನ ಹುಡುಗಿಯೊಬ್ಬಳು ತಾನು ಹದಿನೈದು ದಿನಕ್ಕೊಮ್ಮೆ ಗದ್ದಕ್ಕೆ ಥ್ರೆಡಿಂಗ್ ಮಾಡಿಸುವುದಾಗಿಯೂ, ಹಿಂದಿನ ದಿನವಷ್ಟೇ ಮಾಡಿಸಿಕೊಂಡು ಬಂದಿರುವುದಾಗಿಯೂ, ಈಗ ನೋಡಿದರೆ ಸೊನ್ನೆಯೇ ಸಿಗುವುದೆಂದೂ ಹೇಳಿದಳು. ವೈದ್ಯೆ ಪೆನ್ನು ಕೆಳಗಿಟ್ಟರು. ಮುಟ್ಟಿನ ಏರುಪೇರು, ಪುರುಷ ಹಾರ್ಮೋನಿನ ಹೆಚ್ಚಳ (ಈ ಕೂದಲು ಅದರ ಒಂದು ಗುರುತು), ಸ್ಕ್ಯಾನಿಂಗಿನಲ್ಲಿ ಕಾಣುವ ಅಂಡಾಶಯದ ಲಕ್ಷಣ, ಈ ಮೂರರಲ್ಲಿ ಎರಡಾದರೂ ಇರಬೇಕೆಂಬುದು ಪಿಸಿಓಎಸ್ ಗುರುತಿಸುವ 2003ರ ರಾಟರ್‌ಡ್ಯಾಮ್ ಮಾನದಂಡವಾದ್ದರಿಂದ, ಆ ಒಂದು ಸೊನ್ನೆಯಿಂದ ಆಕೆ ಪಟ್ಟಿಯಿಂದಲೇ ಹೊರಗುಳಿಯಬಹುದಿತ್ತು. ಮುಂದಿನ ಕರಡಿನಲ್ಲಿ ಕೂದಲು ತೆಗೆಸುತ್ತೀರಾ, ಎಷ್ಟು ದಿನಕ್ಕೊಮ್ಮೆ, ಕೊನೆಯ ಸಲ ಯಾವಾಗ ಎಂಬ ಮೂರು ಪ್ರಶ್ನೆಗಳು ಸೇರಿದ್ದವು.

ಊಟದ ಪಟ್ಟಿಯೂ ತಿದ್ದುಪಡಿಯಾಯಿತು. ಬ್ರೆಡ್ಡು, ಓಟ್ಸು ತುಂಬಿದ್ದ ಹಾಳೆಯಲ್ಲಿ ಜೋಳದ ರೊಟ್ಟಿಗೆ ಜಾಗವೇ ಇರಲಿಲ್ಲ. ಬಿಸಿ ರೊಟ್ಟಿ, ಕಡಕ್ ರೊಟ್ಟಿಗಳನ್ನು ಬೇರೆ ಬೇರೆಯಾಗಿ ಎಣಿಸಬೇಕೆಂಬ ಚರ್ಚೆ ಅರ್ಧ ಗಂಟೆ ನಡೆದದ್ದು ನನಗಂತೂ ಖುಷಿ ಕೊಟ್ಟಿತು. ಒಪ್ಪಿಗೆ ಪತ್ರವನ್ನು ಕನ್ನಡದಲ್ಲಿ ಓದಿ ಹೇಳಿ, ಅದರ ಪ್ರತಿಯನ್ನೂ ಕೊಟ್ಟರು.

ಗ್ಲೂಕೋಸ್ ಪರೀಕ್ಷೆಯ ದಿನದ ವ್ಯವಸ್ಥೆ ಮಾತ್ರ ಚೆನ್ನಾಗಿರಲಿಲ್ಲ. ರಾತ್ರಿಯಿಂದ ಉಪವಾಸವಿದ್ದು ಎಂಟಕ್ಕೆ ಹೋದವರಿಗೆ ಮೊದಲ ರಕ್ತ ತೆಗೆದದ್ದು ಪೌಣೆ ಹತ್ತಕ್ಕೆ. ಬಳಿಕ 75 ಗ್ರಾಂ ಗ್ಲೂಕೋಸಿನ ನೀರು ಕುಡಿದು ಮತ್ತೆರಡು ಗಂಟೆ ಕಾಯಬೇಕು. ಕಾಯುವ ಬೆಂಚು ಬಸುರಿಯರ ತಪಾಸಣೆಯ ಕೋಣೆಯ ಎದುರಿಗಿತ್ತು. ಮಕ್ಕಳಾಗಲೆಂದು ವರ್ಷಗಟ್ಟಲೆ ಔಷಧ ತೆಗೆದುಕೊಳ್ಳುತ್ತಿರುವವರನ್ನು ಅಲ್ಲಿ ಕೂರಿಸಬಾರದೆಂದು ಯಾರಿಗೂ ಹೊಳೆಯಲಿಲ್ಲ. ಭಾಗವಹಿಸುವವರಿಗೆ ಪ್ರಯಾಣದ ವೆಚ್ಚ ಕೊಡಲು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯಾದ ಐಸಿಎಂಆರ್‌ನ 2017ರ ಮಾರ್ಗಸೂಚಿಯಲ್ಲಿ ಅವಕಾಶವಿದ್ದರೂ ನಮಗೆ ಅದು ಸಿಕ್ಕಿದ್ದು ಮೂರನೆಯ ಭೇಟಿಯಲ್ಲಿ, ಅದೂ ಬಾಯಿಬಿಟ್ಟು ಕೇಳಿದ ಮೇಲೆ. ಬಟ್ಟೆ ಅಂಗಡಿಯಲ್ಲಿ ದುಡಿಯುವ ಒಬ್ಬರಿಗೆ ಅಂದಿನ ಪಗಾರವೂ ಹೋಯಿತು.

ಇಂಥ ಅಧ್ಯಯನಕ್ಕೆ ಸೇರಬೇಡಿರೆಂದು ಹೇಳಲಾರೆ. ಆದರೆ ಸಹಿ ಹಾಕುವ ಮೊದಲು, ಬಸ್ಸಿನ ಖರ್ಚು ಯಾವಾಗ ಸಿಗುತ್ತದೆ, ಅಧ್ಯಯನದಲ್ಲಿ ತಿಳಿದುಬಂದದ್ದನ್ನು ನಮಗೆ ಯಾರು, ಯಾವ ಭಾಷೆಯಲ್ಲಿ ಹೇಳುತ್ತಾರೆ ಎಂಬುದನ್ನು ಕೇಳಿ ತಿಳಿದುಕೊಳ್ಳಿ. ನಮ್ಮ ನಮ್ಮ ರಕ್ತದ ವರದಿ ಕೈಸೇರಿತು. ಒಟ್ಟು ಫಲಿತಾಂಶಕ್ಕೆ "ಕರೆಯುತ್ತೇವೆ" ಎಂದವರು ಕರೆಯಲೇ ಇಲ್ಲ. ಎಂಟು ತಿಂಗಳ ನಂತರ ಬೇರೆ ಕೆಲಸಕ್ಕೆ ಹೋದಾಗ ಅಲ್ಲಿನ ಗೋಡೆಯ ಮೇಲೆ ಅದೇ ಅಧ್ಯಯನದ ಇಂಗ್ಲಿಷ್ ಭಿತ್ತಿಪತ್ರವೊಂದನ್ನು ಕಂಡೆ. ಥ್ರೆಡಿಂಗಿನ ಪ್ರಶ್ನೆಗಳು ಅದರ ಕೋಷ್ಟಕದ ಕೊನೆಯ ಸಾಲಿನಲ್ಲಿದ್ದವು. ಫೋಟೋ ತೆಗೆದು ಗದಗಿನ ಹುಡುಗಿಗೆ ಕಳುಹಿಸಿದೆ. "ಅಕ್ಕಾ, ಇದರಾಗ ಏನ್ ಬರದಾರ?" ಎಂದು ಮರುಪ್ರಶ್ನೆ ಬಂತು.